ರಿಪೋರ್ಟ್ ಬಂತು, ಸೋಮವಾರ ತರಗತಿಯಲ್ಲಿ ಏನು ಬದಲಾಗುತ್ತದೆ?

ಮಗುವಿಗೆ ಕಲಿಕೆಯಲ್ಲಿ ತೊಡಕು ಎಲ್ಲಿದೆ ಎಂದು ಪರೀಕ್ಷಿಸಿ ಬರೆದ ಅಸೆಸ್‌ಮೆಂಟ್ ರಿಪೋರ್ಟ್ ಹಿಡಿದು ಬರುವ ಅಪ್ಪ ಅಮ್ಮ ಮೊದಲು ಕೇಳುವುದು ಒಂದೇ ಮಾತು: ‘ಇದು ಸರಿಹೋಗುತ್ತಾ ಮೇಡಂ?’ ಆ ಪ್ರಶ್ನೆಗೆ ಅವತ್ತೇ ಉತ್ತರ ಹೇಳಲು ಯಾರಿಂದಲೂ ಆಗುವುದಿಲ್ಲ. ಆದರೆ ಉತ್ತರ ಸಿಗುವ ಇನ್ನೊಂದು ಪ್ರಶ್ನೆ ಇದೆ. ಬರುವ ಸೋಮವಾರದಿಂದ ತರಗತಿಯಲ್ಲಿ ಏನು ಬೇರೆ ಥರ ನಡೆಯುತ್ತದೆ? ಅದನ್ನು ಯಾರು ಮಾಡುತ್ತಾರೆ? ವಿಶೇಷ ಶಿಕ್ಷಕಿಯಾಗಿ ನಾನು ಕಂಡ ಹಾಗೆ, ಇದನ್ನು ಬಿಡದೆ ಕೇಳುವ ಮನೆಯವರ ಮಕ್ಕಳಿಗೆ ಸಹಾಯ ಬೇಗ ಸಿಗುತ್ತದೆ.

ಮೊದಲು ರಿಪೋರ್ಟನ್ನೇ ನೋಡೋಣ. ಅದರಲ್ಲಿ ಹೆದರಿಸುವುದು ಅಂಕಿಗಳು. ‘ಪರ್ಸೆಂಟೈಲ್ 16’ ಎಂದು ಕಂಡರೆ ನೂರಕ್ಕೆ ಹದಿನಾರು ಅಂಕ ಎಂದುಕೊಂಡು ಎಷ್ಟೋ ಜನ ಕುಸಿದುಬಿಡುತ್ತಾರೆ. ಅದು ಅಂಕ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 16 ಮಕ್ಕಳು ಆ ಪರೀಕ್ಷೆಯಲ್ಲಿ ಈ ಮಗುವಿಗಿಂತ ಹಿಂದಿದ್ದಾರೆ ಎಂದರ್ಥ. 50 ಅಂದರೆ ನಟ್ಟನಡುವೆ. ಪಕ್ಕದಲ್ಲಿ ‘ಸ್ಟ್ಯಾಂಡರ್ಡ್ ಸ್ಕೋರ್’ ಎಂಬ ಸಾಲೂ ಇರುತ್ತದೆ. ಹೆಚ್ಚಿನ ಪರೀಕ್ಷೆಗಳಲ್ಲಿ ಅದರ ಸರಾಸರಿ 100. ನೂರರಲ್ಲಿ ಸುಮಾರು 68 ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. ಪರ್ಸೆಂಟೈಲ್ 16 ಅಂದರೆ ಇಲ್ಲಿ 85. ಎರಡೂ ಒಂದೇ ಮಾತು, ಹೇಳುವ ರೀತಿ ಬೇರೆ ಅಷ್ಟೆ.

ಒಟ್ಟು ಐಕ್ಯೂ ಎಷ್ಟು ಎಂದು ಮಾತ್ರ ನೋಡಿ ರಿಪೋರ್ಟ್ ಮುಚ್ಚಿಡಬೇಡಿ. ಒಳಗಿನ ಸಾಲುಗಳನ್ನು ನೋಡಿ. ಮಾತಿನ ತಿಳುವಳಿಕೆ 112, ಓದುವ ವೇಗ 78 ಎಂದಿದ್ದರೆ ಆ ಅಂತರವೇ ನಮಗೆ ಬೇಕಾದ ಸುಳಿವು. ಈ ಮಗುವಿಗೆ ಪಾಠ ಅರ್ಥವಾಗುತ್ತದೆ, ಅದನ್ನು ಓದಿ ತಿಳಿಯುವ ದಾರಿಯಲ್ಲಿ ತೊಡಕಿದೆ. ಡಿಸ್ಲೆಕ್ಸಿಯಾ, ಅಂದರೆ ಪದ ಓದುವುದರಲ್ಲೇ ತೊಡಕು, ಇರುವ ಎಷ್ಟೋ ಮಕ್ಕಳ ಚಿತ್ರ ಹೀಗೇ ಇರುತ್ತದೆ. ‘ಸೋಮಾರಿ, ಮನಸ್ಸಿಟ್ಟರೆ ಓದುತ್ತಾನೆ’ ಎನ್ನುವ ಮಾತು ಅವರಿಗೆ ಬಹಳ ನೋವು ಕೊಡುತ್ತದೆ.

ಕಿವಿ, ಕಣ್ಣು ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕಿವಿಯ ಒಳಗೆ, ತಮಟೆಯ ಹಿಂದೆ ನೀರು ತುಂಬಿಕೊಂಡ ಮಗುವಿಗೆ ಒಂದು ವಾರ ಚೆನ್ನಾಗಿ ಕೇಳಿಸುತ್ತದೆ, ಇನ್ನೊಂದು ವಾರ ಮಂದವಾಗುತ್ತದೆ. ನೋಡುವವರಿಗೆ ಬೇಕಂತಲೇ ಕೇಳಿಸಿಕೊಳ್ಳದ ಹಾಗೆ ಕಾಣುತ್ತದೆ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಚಡಪಡಿಕೆ) ಎಂದು ಬರೆದಿದ್ದರೆ ಶಾಲೆಯ ಮಾತನ್ನೂ ಮನೆಯ ಮಾತನ್ನೂ ತೆಗೆದುಕೊಂಡಿದ್ದಾರೆಯೇ ನೋಡಿ. ಲಕ್ಷಣಗಳು ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಒಂದೇ ತರಗತಿಯಲ್ಲಿ ಮಾತ್ರ ಚಡಪಡಿಸುವ ಮಗುವಿಗೆ ಬೇರೆ ಏನೋ ಕಾರಣ ಇರಬಹುದು.

ಇನ್ನು ಯೋಜನೆ. ಐಇಪಿ, ಅಂದರೆ ಒಂದು ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ, ಅಮೆರಿಕದ 1975ರ ಕಾನೂನಿನಿಂದ ಗಟ್ಟಿಯಾಗಿ ನೆಲೆಯೂರಿತು. ಈಗ ಬೇರೆ ಬೇರೆ ಹೆಸರಲ್ಲಿ ಹಲವು ದೇಶಗಳಲ್ಲಿದೆ. ಹೆಸರು ಏನೇ ಇರಲಿ, ಅದರ ಜೀವ ಇರುವುದು ಗುರಿ ಬರೆದ ಸಾಲಿನಲ್ಲಿ. ‘ಓದುವ ಕೌಶಲ ಸುಧಾರಿಸುವುದು’ ಎಂದು ಬರೆದಿದ್ದರೆ ದಯವಿಟ್ಟು ಸಹಿ ಹಾಕಬೇಡಿ. ಸುಧಾರಿಸಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಕೇಳಿ. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಈಗ ಒತ್ತಕ್ಷರ ಇರುವ 20 ಪದಗಳಲ್ಲಿ 6ನ್ನು ಸರಿಯಾಗಿ ಓದುತ್ತಾಳೆ. ಮೂರು ತಿಂಗಳ ಕೊನೆಗೆ, ಹಿಂದೆ ನೋಡಿರದ 20 ಪದಗಳಲ್ಲಿ 15ನ್ನು ಓದಬೇಕು. ವಾರಕ್ಕೆ ನಾಲ್ಕು ದಿನ, 20 ನಿಮಿಷ, ವಿಶೇಷ ಶಿಕ್ಷಕಿ ಕಲಿಸುತ್ತಾರೆ. ಎರಡು ವಾರಕ್ಕೊಮ್ಮೆ ಓದಿಸಿ ನೋಡಿ ಬರೆದಿಡುತ್ತಾರೆ.’

‘ಹಿಂದೆ ನೋಡಿರದ’ ಎಂಬ ಮಾತು ಮುಖ್ಯ. ನೋಡಿದ ಪದಗಳನ್ನು ಮಕ್ಕಳು ಬಾಯಿಪಾಠ ಮಾಡಿಬಿಡುತ್ತಾರೆ. ಒಳ್ಳೆಯ ನೆನಪಿನ ಶಕ್ತಿ ಇರುವ ಮಗು ಇಡೀ ಪುಟವನ್ನೇ ಒಪ್ಪಿಸುತ್ತದೆ, ಓದಲು ಬಂತು ಎಂದು ಎಲ್ಲರೂ ಖುಷಿಪಡುತ್ತಾರೆ. ಅಕ್ಷರ ಮತ್ತು ದನಿಯ ಸಂಬಂಧವನ್ನು ಹಂತ ಹಂತವಾಗಿ, ಬಿಡಿಸಿ ಬಿಡಿಸಿ ಕಲಿಸಿದ್ದು ನಿಜವಾಗಿ ಮನಸ್ಸಿಗೆ ಇಳಿದಿದ್ದರೆ ಹೊಸ ಪದದಲ್ಲಿ ತಾನೇ ಗೊತ್ತಾಗುತ್ತದೆ.

ಇನ್ನೊಂದು ಕಡೆ ಎಚ್ಚರ ಬೇಕು. ಹೆಚ್ಚು ಸಮಯ ಕೊಡುವುದು, ಪ್ರಶ್ನೆ ಓದಿ ಹೇಳುವುದು, ಬರೆದುಕೊಡುವವರನ್ನು ಕೊಡುವುದು, ಮುಂದಿನ ಬೆಂಚಿನಲ್ಲಿ ಕೂರಿಸುವುದು ಒಂದು ಬಗೆ. ಇಲ್ಲಿ ಮಗು ಕಲಿಯುವ ಪಾಠ ಎಲ್ಲರದ್ದೇ. ಪಾಠವನ್ನೇ ಕಡಿಮೆ ಮಾಡುವುದು ಇನ್ನೊಂದು ಬಗೆ. ಕೆಲವು ಮಕ್ಕಳಿಗೆ ಅದು ಬೇಕು, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಆದರೆ ಮುಂದೆ ಯಾವ ಪರೀಕ್ಷೆ ಬರೆಯಬಹುದು, ಯಾವ ಕೋರ್ಸಿಗೆ ಹೋಗಬಹುದು ಎಂಬುದರ ಮೇಲೆ ಅದು ಪರಿಣಾಮ ಬೀರಬಹುದು. ಆದ್ದರಿಂದ ಯಾವ ಬಗೆ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ಕೇಳಲು ಸಂಕೋಚ ಬೇಡ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ ಶಿಕ್ಷಣದ ಬಗ್ಗೆಯೇ ಇದೆ. ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡುವುದನ್ನು ಅದು ಹಕ್ಕು ಎಂದೇ ಹೇಳುತ್ತದೆ.

ಈ ಯೋಜನೆಯ ಬಗ್ಗೆ ಮಾತಾಡಲು ಶಾಲೆಯ ಮೀಟಿಂಗಿಗೆ ಬರುವಾಗ ಒಂದು ನೋಟ್‌ಬುಕ್ ತನ್ನಿ. ಹೋಂವರ್ಕ್‌ಗೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ನಿಂತುಹೋಯಿತು, ಯಾವಾಗ ಅತ್ತಿತು, ಯಾವಾಗ ತಾನಾಗಿಯೇ ಮಾಡಿತು, ಎರಡು ವಾರ ಬರೆದಿಟ್ಟರೆ ಸಾಕು. ಮನೆಯಲ್ಲಿ ಏನಾಗುತ್ತದೆ ಎಂದು ನಮಗೆ ಬೇರೆ ಯಾರೂ ಹೇಳುವುದಿಲ್ಲ. ಮೀಟಿಂಗ್ ಮುಗಿದ ಮೇಲೆ ಒಪ್ಪಿಕೊಂಡ ವಿಷಯಗಳನ್ನು ನಾಲ್ಕು ಸಾಲಿನಲ್ಲಿ ಬರೆದು ಶಾಲೆಗೆ ಕಳಿಸಿ. ಜಗಳ ಮಾಡಲು ಅಲ್ಲ, ಟೀಚರ್ ಬದಲಾದರೂ ಮಾತು ಉಳಿಯಲಿ ಎಂದು.

ನನಗೆ ತುಂಬ ಬೇಸರ ತರಿಸುವ ಸಲಹೆ ಒಂದಿದೆ. ‘ಮಗುವಿಗೆ ಮಾತು ತಡ, ಮನೆಯಲ್ಲಿ ನಿಮ್ಮ ಭಾಷೆ ಬಿಡಿ, ಶಾಲೆಯ ಭಾಷೆ ಮಾತ್ರ ಆಡಿ.’ ದಯವಿಟ್ಟು ಹಾಗೆ ಮಾಡಬೇಡಿ. ಆಟಿಸಂ ಇರುವ, ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು. ಎರಡು ಭಾಷೆಯಿಂದ ಮಾತು ಇನ್ನೂ ತಡವಾಗುತ್ತದೆ ಎನ್ನಲು ಆಧಾರ ಇಲ್ಲ. ಮನೆಮಾತು ಬಿಟ್ಟರೆ ಅಜ್ಜಿಯ ಜೊತೆ, ಅಕ್ಕ ತಮ್ಮಂದಿರ ಜೊತೆ ಆಡುವ ಮಾತೇ ಕಡಿಮೆಯಾಗುತ್ತದೆ. ಮಾತು ಕಲಿಯಬೇಕಾದ ಮಗುವಿಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ಇಂಥದ್ದೇ ಇನ್ನೊಂದು ಭಯ, ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದನ್ನು ಕೇಳುವುದನ್ನು ಕಲಿತರೆ ಮಾತಾಡುವುದೇ ಇಲ್ಲ ಅಂತ. ಚಿತ್ರ ಬಳಸಿದ್ದರಿಂದ ಮಾತು ನಿಲ್ಲುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಇದೆ.

ಹಣ ಖರ್ಚಿಲ್ಲದೆ ಸಿಗುವುದೂ ಬೇಕಾದಷ್ಟಿದೆ. ಸ್ಪೇನಿನ ಅರಗಾನ್ ಸರ್ಕಾರದ ಅರಸಾಕ್ ಎಂಬ ಸಂಗ್ರಹದಲ್ಲಿ ಸಾವಿರಾರು ಚಿತ್ರಗಳಿವೆ. ಇಳಿಸಿಕೊಂಡು ಪ್ರಿಂಟ್ ಮಾಡಿದರೆ ದಿನಚರಿಯ ಚಾರ್ಟ್ ಮನೆಯಲ್ಲೇ ಆಗುತ್ತದೆ. ಬೆಳವಣಿಗೆಯಲ್ಲಿ ತಡ ಇರುವ 2ರಿಂದ 9 ವರ್ಷದ ಮಕ್ಕಳ ಮನೆಯವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ತರಬೇತಿಯೊಂದನ್ನು ರೂಪಿಸಿದೆ. ಅದರ ಕೈಪಿಡಿಗಳು ಉಚಿತ. ಓದಲು ಕಷ್ಟಪಡುವ ಮಗುವಿಗೆ ನಿಮ್ಮ ಫೋನೇ ಗಟ್ಟಿಯಾಗಿ ಓದಿ ಹೇಳಬಲ್ಲದು, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಅಚ್ಚಾದ ಪುಸ್ತಕ ಓದಲಾಗದವರಿಗೆ ಆಡಿಯೋ ಮುಂತಾದ ರೂಪದಲ್ಲಿ ಪುಸ್ತಕ ಸಿಗಲಿ ಎಂದೇ 2013ರಲ್ಲಿ ಮರಾಕೆಶ್ ಒಪ್ಪಂದ ಆಯಿತು. ನಿಮ್ಮ ಗ್ರಂಥಾಲಯದಲ್ಲಿ ವಿಚಾರಿಸಿ.

ಮಾರಾಟಕ್ಕೆ ಬರುವವರೂ ಇದ್ದಾರೆ. ಡಿಸ್ಲೆಕ್ಸಿಯಾಕ್ಕೆ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ, ಇವುಗಳಿಗೆ ಸರಿಯಾದ ಆಧಾರ ಇಲ್ಲ ಎಂದು ಹೇಳಿವೆ. ಆ ದುಡ್ಡು ಕಲಿಸುವವರ ಸಮಯಕ್ಕೆ ಹೋಗಲಿ.

ಮೂರು ತಿಂಗಳಾದರೂ ಗುರಿಯಲ್ಲಿ ಬರೆದ ಅಂಕಿ ಮೇಲೇಳದಿದ್ದರೆ? ಆಗ ಮೀಟಿಂಗ್ ಕರೆಯಲು ವರ್ಷದ ಕೊನೆವರೆಗೆ ಕಾಯಬೇಡಿ. ಹೇಳಿದಷ್ಟು ದಿನ ಪಾಠ ನಿಜವಾಗಿ ನಡೆಯಿತೇ ಎಂದು ಮೊದಲು ಕೇಳಿ. ನಡೆದಿದ್ದರೆ ಕಲಿಸುವ ಕ್ರಮ ಬದಲಾಗಬೇಕು. ಮಗು ಸ್ವಲ್ಪ ದೊಡ್ಡದಾಗಿದ್ದರೆ ಅದನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ಸಹಾಯ ಆಯಿತು, ಯಾವುದರಿಂದ ಎಲ್ಲರ ಮುಂದೆ ಮುಜುಗರ ಆಯಿತು ಎಂದು ಅದನ್ನೇ ಕೇಳಿ. ಹೇಳಿದ್ದನ್ನು ಯೋಜನೆಯಲ್ಲಿ ಸೇರಿಸಿ.