ರಿಪೋರ್ಟಿನಲ್ಲಿ ರಕ್ತ ತೆಳು, ಸ್ಕ್ಯಾನಿನಲ್ಲಿ ಹೆಪ್ಪು: ಸಿರೋಸಿಸ್ ಪರೀಕ್ಷೆಗಳ ಗೋಜಲು ಶುರುವಾದದ್ದು ಹೇಗೆ?

ಲಿವರ್ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ, ಇರುವವರ ರಿಪೋರ್ಟ್ ತೆಗೆದು ನೋಡಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಐಎನ್‌ಆರ್ ಜಾಸ್ತಿ, ಹೆಪ್ಪಿಗೆ ಬೇಕಾದ ಪ್ಲೇಟ್‌ಲೆಟ್ ಕಡಿಮೆ. ಅಂದಮೇಲೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅಲ್ವಾ? ಆದರೆ ಅದೇ ವ್ಯಕ್ತಿಗೆ ಸ್ಕ್ಯಾನ್ ಮಾಡಿದರೆ, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲೇ ಹೆಪ್ಪು ಕೂತಿರಬಹುದು. ಎರಡೂ ನಿಜ.

ಈ ಕತೆ 1935ರದು. ಅಮೆರಿಕದ ವೈದ್ಯ ಆರ್ಮಂಡ್ ಕ್ವಿಕ್ ಆಗ ನಳಿಕೆಯಲ್ಲಿ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪ್ರೋಥ್ರಾಂಬಿನ್ ಟೈಮ್ ಪರೀಕ್ಷೆಯನ್ನು ವಿವರಿಸಿದರು. ಹೆಪ್ಪು ಕಟ್ಟಿಸುವ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ತಯಾರಾಗುವುದೇ ಲಿವರ್‌ನಲ್ಲಿ. ಹಾಗಾಗಿ ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಈ ಪರೀಕ್ಷೆ ಚೆನ್ನಾಗಿ ಒದಗಿಬಂತು. 1973ರಲ್ಲಿ ಕಾಯಿಲೆಯ ತೀವ್ರತೆ ಅಳೆಯುವ ಚೈಲ್ಡ್-ಪ್ಯೂ ಅಂಕಪಟ್ಟಿಯೊಳಗೂ ಅದು ಸೇರಿತು. 1980ರ ದಶಕದಲ್ಲಿ ಆ ಪ್ರೋಥ್ರಾಂಬಿನ್ ಟೈಮನ್ನೇ ಒಂದು ಸಮಾನ ಅಳತೆಗೆ ತರುವ ಐಎನ್‌ಆರ್ ಬಂತು. 2002ರಲ್ಲಿ ಅಮೆರಿಕದಲ್ಲಿ ಲಿವರ್ ಕಸಿಗೆ ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ಮೆಲ್ಡ್ ಸ್ಕೋರ್‌ನಲ್ಲೂ ಐಎನ್‌ಆರ್‌ಗೆ ಜಾಗ ಸಿಕ್ಕಿತು.

ಇಲ್ಲೇ ಒಂದು ಎಡವಟ್ಟು ಇದೆ. ಐಎನ್‌ಆರ್ ಹುಟ್ಟಿದ್ದು ಹೆಪ್ಪು ಕಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಿಗಾಗಿ. ಯಾವ ಲ್ಯಾಬ್‌ನಲ್ಲಿ ಅಳೆದರೂ ಒಂದೇ ಸಂಖ್ಯೆ ಬರಲಿ ಎಂದು, ವಾರ್ಫರಿನ್ ರೋಗಿಗಳ ರಕ್ತವನ್ನೇ ಇಟ್ಟುಕೊಂಡು ಅದನ್ನು ಹೊಂದಿಸಿದ್ದರು. ವಾರ್ಫರಿನ್ ಇಳಿಸುವುದು ವಿಟಮಿನ್ ಕೆ ಬೇಕಾದ ಕೆಲವೇ ಪ್ರೋಟೀನ್‌ಗಳನ್ನು. ಸಿರೋಸಿಸ್‌ನಲ್ಲಿ ಬೇರೆಯವೂ ಇಳಿಯುತ್ತವೆ. ಹೀಗಾಗಿ ಅದೇ ರೋಗಿಯ ರಕ್ತಕ್ಕೆ ಎರಡು ಲ್ಯಾಬ್‌ಗಳು ಎರಡು ಐಎನ್‌ಆರ್ ಕೊಡಬಹುದು. ಕಸಿಯ ಸರದಿಯಲ್ಲಿ ಕಾಯುವವರಿಗೆ ಇದು ಸಣ್ಣ ಮಾತಲ್ಲ. ಲಿವರ್ ರೋಗಿಗಳಿಗೆಂದೇ ಬೇರೆ ಐಎನ್‌ಆರ್ ಬೇಕು ಎಂಬ ಸಲಹೆ 2007ರ ಹೊತ್ತಿಗೇ ಬಂದಿತ್ತು. ದಿನನಿತ್ಯದ ಬಳಕೆಗೆ ಮಾತ್ರ ಅದು ಇಳಿಯಲಿಲ್ಲ. ಹಳೆಯ ಸಂಖ್ಯೆ ಎಲ್ಲರಿಗೂ ಕೈಗೆ ಸಿಗುತ್ತಿತ್ತು, ಅಷ್ಟೇ.

ಇದಕ್ಕಿಂತ ದೊಡ್ಡ ತೊಡಕು ಪರೀಕ್ಷಾನಳಿಕೆಯ ಒಳಗೇ ಇತ್ತು. ದೇಹದಲ್ಲಿ ಹೆಪ್ಪು ಕಟ್ಟಿಸುವ ಪ್ರೋಟೀನ್‌ಗಳಿವೆ, ಅದನ್ನು ತಡೆಯುವವೂ ಇವೆ. ಸಿರೋಸಿಸ್‌ನಲ್ಲಿ ಎರಡೂ ಬಗೆಯವುಗಳಲ್ಲಿ ಹೆಚ್ಚಿನವು ಕಡಿಮೆಯಾಗುತ್ತವೆ. ತಡೆಯುವವುಗಳಲ್ಲಿ ಮುಖ್ಯವಾದದ್ದು ಪ್ರೋಟೀನ್ ಸಿ. ಅದು ಪೂರ್ತಿ ಚುರುಕಾಗಲು ಥ್ರಾಂಬೊಮಾಡ್ಯುಲಿನ್ ಬೇಕು. ಥ್ರಾಂಬೊಮಾಡ್ಯುಲಿನ್ ಇರುವುದು ರಕ್ತನಾಳದ ಒಳಗೋಡೆಯಲ್ಲಿ. ಗಾಜಿನ ನಳಿಕೆಗೆ ಅಂಥ ಗೋಡೆ ಎಲ್ಲಿಂದ ಬರಬೇಕು? ಹಾಗಾಗಿ ಪ್ರೋಥ್ರಾಂಬಿನ್ ಟೈಮ್ ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿ ತೂಕ ಹೇಳುತ್ತಿತ್ತು.

2005ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಅರ್ಮಾಂಡೊ ತ್ರಿಪೋಡಿ ಮತ್ತು ಸಂಗಡಿಗರು ಸಿರೋಸಿಸ್ ರೋಗಿಗಳ ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗಕ್ಕೆ) ಥ್ರಾಂಬೊಮಾಡ್ಯುಲಿನ್ ಸೇರಿಸಿ, ಹೆಪ್ಪು ಕಟ್ಟಿಸುವ ಥ್ರಾಂಬಿನ್ ಎಷ್ಟು ಹುಟ್ಟುತ್ತದೆ ಎಂದು ಅಳೆದರು. ಆರೋಗ್ಯವಂತರಲ್ಲಿ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಹುಟ್ಟಿತು! ಪ್ಲೇಟ್‌ಲೆಟ್ ವಿಷಯದಲ್ಲೂ ಹೀಗೇ. ಸಂಖ್ಯೆ ಇಳಿದರೂ, ಪ್ಲೇಟ್‌ಲೆಟ್‌ಗಳನ್ನು ನಾಳಕ್ಕೆ ಅಂಟಿಸುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಏರಿರುತ್ತದೆ. ಒಟ್ಟಿನಲ್ಲಿ ಸಮತೋಲ ಇದೆ, ಆದರೆ ಬಲು ನಾಜೂಕು. ಒಂದು ಸೋಂಕು ಬಂದರೆ, ಕಿಡ್ನಿ ಕೈಕೊಟ್ಟರೆ, ಎತ್ತ ಬೇಕಾದರೂ ವಾಲಬಹುದು.

ಇದು ಬರೀ ಲ್ಯಾಬ್ ಪಾಂಡಿತ್ಯವಲ್ಲ. ಐಎನ್‌ಆರ್ ಸರಿಮಾಡಲೆಂದು ಸಣ್ಣಪುಟ್ಟ ಪ್ರೊಸೀಜರ್‌ಗೂ ಮುಂಚೆ ಪ್ಲಾಸ್ಮಾ ಏರಿಸುವುದು ರೂಢಿಯಾಗಿತ್ತು. ಬಯಾಪ್ಸಿ ಮಾಡಿದಾಗ ಲಿವರ್‌ನಿಂದ ಎಷ್ಟು ಹೊತ್ತು ರಕ್ತ ಒಸರುತ್ತದೆ ಎಂಬುದಕ್ಕೂ ಈ ಸಂಖ್ಯೆಗಳಿಗೂ ತಾಳೆಯಾಗುವುದಿಲ್ಲ ಎಂದು 1981ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅನ್ನನಾಳದ ಉಬ್ಬಿದ ನಾಳಗಳು ಒಡೆಯುವುದಕ್ಕೆ ಮುಖ್ಯ ಕಾರಣ ಪೋರ್ಟಲ್ ನಾಳದ ಒತ್ತಡ. ಪ್ಲಾಸ್ಮಾ ಹಾಕಿದರೆ ರಕ್ತದ ಪ್ರಮಾಣ ಹೆಚ್ಚಿ ಆ ಒತ್ತಡವೇ ಇನ್ನಷ್ಟು ಏರಬಹುದು. ಸುಮ್ನೆ ಸಂಖ್ಯೆ ನೋಡಿ ಪ್ಲಾಸ್ಮಾ ಹಾಕಬೇಡಿ ಎಂದು ಅಮೆರಿಕ, ಯುರೋಪಿನ ಈಚಿನ ಮಾರ್ಗಸೂಚಿಗಳು ಹೇಳುತ್ತವೆ. ಈ ಮಾತು ಬರಲು ತುಂಬಾ ಕಾಲ ಹಿಡಿಯಿತು.

ಹಾಗಾದರೆ ಹೆಪ್ಪು ಕಟ್ಟುವ ಅಪಾಯವನ್ನು ಯಾವ ಗುರುತು ಹೇಳುತ್ತದೆ? ಡಿ-ಡೈಮರ್ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಹೆಪ್ಪು ಕರಗುವಾಗ ಉಳಿಯುವ ಚೂರು ಅದು. ಆದರೆ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಹೆಪ್ಪು ಇಲ್ಲದೆಯೂ ಡಿ-ಡೈಮರ್ ಏರಿರುತ್ತದೆ. ಇನ್ನೊಂದು, ಹೆಪ್ಪು ಕಟ್ಟಿಸುವ ಫ್ಯಾಕ್ಟರ್ 8 ಎಂಬ ಪ್ರೋಟೀನ್ ಮತ್ತು ತಡೆಯುವ ಪ್ರೋಟೀನ್ ಸಿ ನಡುವಿನ ಅನುಪಾತ. ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ. ಕಾಯಿಲೆ ಬಲಿತಷ್ಟೂ ಅಂತರ ಹಿಗ್ಗುತ್ತದೆ. ತರ್ಕ ಚೆನ್ನಾಗಿದೆ. ಆದರೆ ಅದು ಕಾಯಿಲೆಯ ತೀವ್ರತೆಯನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಿದೆಯೋ ಏನೋ ಎಂಬ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಪೋರ್ಟಲ್ ನಾಳದಲ್ಲಿ ರಕ್ತ ನಿಧಾನವಾಗಿ ಹರಿಯುವುದೂ ಹೆಪ್ಪಿಗೆ ದೊಡ್ಡ ಕಾರಣ. ಅದನ್ನು ಯಾವ ರಕ್ತಪರೀಕ್ಷೆಯೂ ತೋರಿಸದು, ಡಾಪ್ಲರ್ ಸ್ಕ್ಯಾನ್ ತೋರಿಸುತ್ತದೆ.

ಹೆಪ್ಪು ಸಿಕ್ಕಿ ಔಷಧ ಶುರುವಾದ ಮೇಲೂ ಸಂಖ್ಯೆಗಳ ಕಾಟ ತಪ್ಪುವುದಿಲ್ಲ. ವಾರ್ಫರಿನ್ ಕೊಟ್ಟರೆ, ಐಎನ್‌ಆರ್ ಮೊದಲೇ ಏರಿರುವುದರಿಂದ ಡೋಸ್ ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯದು. ಹೆಪಾರಿನ್ ಚುಚ್ಚುಮದ್ದು ಕೊಟ್ಟರೆ, ಅದರ ಮಟ್ಟ ಅಳೆಯುವ ಆಂಟಿ-ಟೆನ್-ಎ ಪರೀಕ್ಷೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆ ಪರೀಕ್ಷೆಗೆ ಆಸರೆಯಾದ ಆಂಟಿಥ್ರಾಂಬಿನ್ ಕೂಡ ಲಿವರ್‌ನಲ್ಲೇ ತಯಾರಾಗುವುದು. ಆ ಸಂಖ್ಯೆಯನ್ನು ನಂಬಿ ಡೋಸ್ ಏರಿಸಿದರೆ, ರಿಪೋರ್ಟ್ ಮೊದಲಿನಿಂದ ಹೆದರಿಸುತ್ತಿದ್ದ ರಕ್ತಸ್ರಾವ ಆಗಲೇ ನಿಜವಾಗಬಹುದು.