ಪ್ರೊಬಯಾಟಿಕ್: ಹುಳಿ ಬಂದದ್ದೆಲ್ಲ ಅಲ್ಲ

ಕುಂಬಳೆಯಿಂದ ಬದಿಯಡ್ಕದವರೆಗೆ ಯಾವ ವಾಟ್ಸ್‌ಆ್ಯಪ್ ಗುಂಪನ್ನು ತೆರೆದರೂ ಇಡ್ಲಿ ‘ಪ್ರೊಬಯಾಟಿಕ್’, ಮಜ್ಜಿಗೆ ಹಾಕಿದ ಮೇಲಾರ ‘ಪ್ರೊಬಯಾಟಿಕ್’, ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯವೂ ‘ಪ್ರೊಬಯಾಟಿಕ್’. ಹುಳಿ ಬಂದದ್ದಕ್ಕೆಲ್ಲ ಈ ಹೆಸರನ್ನು ಅಂಟಿಸಿದ್ದು ಸಾಕು.

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿಸಿದ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆ ಸ್ಪಷ್ಟವಾಗಿದೆ: ಸೂಕ್ಷ್ಮಜೀವಿಗೆ ಜೀವವಿರಬೇಕು, ಸಾಕಷ್ಟು ಪ್ರಮಾಣದಲ್ಲಿ ಒಳಹೋಗಬೇಕು, ಸೇವಿಸಿದವರ ಆರೋಗ್ಯಕ್ಕೆ ಅದರಿಂದ ಉಪಕಾರವಾಗಬೇಕು. ಇಡ್ಲಿ ಮೊದಲ ಷರತ್ತಿನಲ್ಲೇ ಸೋಲುತ್ತದೆ. ಹಿಟ್ಟನ್ನು ಉಬ್ಬಿಸುವ ಲ್ಯುಕೊನೊಸ್ಟಾಕ್ ಬ್ಯಾಕ್ಟೀರಿಯಾ ರಾತ್ರಿಯಿಡೀ ದುಡಿದು ಬೆಳಗ್ಗೆ ಹಬೆಯಲ್ಲಿ ಸಾಯುತ್ತದೆ. ಹುದುಗಿನಿಂದ ಲಾಭವಿಲ್ಲವೆಂದಲ್ಲ. ಅಕ್ಕಿ, ಉದ್ದಿನಲ್ಲಿದ್ದು ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿ ಕಬ್ಬಿಣದ ಅಂಶ ಮೈಗೆ ಹೆಚ್ಚು ದಕ್ಕುತ್ತದೆ. ಅದು ಬೇರೆ ಗುಣ, ಅದಕ್ಕೆ ಈ ಹೆಸರಿಲ್ಲ. ಕುದಿಸಿದ ಮೇಲಾರದ್ದೂ ಇದೇ ಕಥೆ. ಉಪ್ಪುಸೊಳೆಯ ಭರಣಿಯಲ್ಲಿ ಏನು ಬದುಕಿದ್ದರೂ ತೊಳೆದು ಬೇಯಿಸಿದ ಮೇಲೆ ಲೆಕ್ಕಕ್ಕಿಲ್ಲ. ಒಲೆಗೇರದ ತಂಬುಳಿಯ ಮಜ್ಜಿಗೆಯಲ್ಲಾದರೆ ಜೀವ ಉಳಿದಿರುತ್ತದೆ.

ಹಾಗಾದರೆ ಮನೆಯ ಮೊಸರು? ಜೀವವಿದೆ, ಸರಿ. ಆದರೆ ಯಾವ ತಳಿ, ಎಷ್ಟು ಎಂದು ಎಣಿಸಿದವರಿಲ್ಲ. ನಿರ್ದಿಷ್ಟ ಜೀವಾಣುಗಳಿಂದ ಹೆಪ್ಪುಗಟ್ಟಿಸುವ ಯೋಗರ್ಟ್ ಎಂಬ ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಜೀರ್ಣಿಸಲು ನೆರವಾಗುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿದೆ, ಅದೂ ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಾಣುಗಳಿದ್ದರೆ. ಆಂಟಿಬಯಾಟಿಕ್‌ನಿಂದಾಗುವ ಭೇದಿಯನ್ನು ತಡೆಯಲು ಕೆಲವು ತಳಿಗಳು ನೆರವಾಗುತ್ತವೆ. ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ಆರೋಪಿಸುವಂತಿಲ್ಲ. ಮೊಸರನ್ನು ಧಾರಾಳವಾಗಿ ಉಣ್ಣಿ, ಅದಕ್ಕೆ ಔಷಧದ ಪಟ್ಟ ಕಟ್ಟುವುದು ಬೇಡ.

ಇನ್ನು ಪ್ರಿಬಯಾಟಿಕ್. ‘ಪ್ರಿ’ ಎಂದರೆ ಮೊದಲು, ಆದ್ದರಿಂದ ಊಟಕ್ಕೆ ಮೊದಲು ತಿನ್ನಬೇಕೆಂದು ಉಪದೇಶಿಸುವವರನ್ನೂ ಕೇಳಿದ್ದಾಯಿತು! ವಿಜ್ಞಾನಿಗಳಾದ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ 1995ರಲ್ಲಿ ಚಲಾವಣೆಗೆ ತಂದ ಈ ಹೆಸರಿಗೂ ಊಟದ ಹೊತ್ತಿಗೂ ಸಂಬಂಧವಿಲ್ಲ. ಇದು ಜೀವಿಯೇ ಅಲ್ಲ, ಕರುಳಿನಲ್ಲಿ ಆಗಲೇ ನೆಲೆಸಿರುವ ಉಪಕಾರಿ ಜೀವಿಗಳಿಗೆ ಮೇವು. ನೀರುಳ್ಳಿ, ಬೆಳ್ಳುಳ್ಳಿಯ ಇನ್ಯುಲಿನ್ ಎಂಬ ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲಪುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿದಾಗ ಬ್ಯುಟಿರೇಟಿನಂಥ ಆಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ನಾರೆಲ್ಲವೂ ಪ್ರಿಬಯಾಟಿಕ್ ಅಲ್ಲ. ಉಪಕಾರಿಗಳು ಆಯ್ದು ಬಳಸುವಂಥದ್ದಕ್ಕೆ ಮಾತ್ರ ಆ ಹೆಸರು.

ನೀರುಳ್ಳಿ, ಬೆಳ್ಳುಳ್ಳಿ ವರ್ಜ್ಯವಾದ ಮನೆಯವರಿಗೆ ಅಲಸಂಡೆ ಬೀಜ, ಕಡಲೆ ಇವೆ. ಅವು ಹೊಟ್ಟೆಯಲ್ಲಿ ಎಬ್ಬಿಸುವ ವಾಯು ಇದೇ ಹುದುಗುವಿಕೆಯ ಫಲ. ಕರುಳು ಕೆರಳುವ ತೊಂದರೆಯುಳ್ಳವರಿಗೆ ಅದೇ ಉಪದ್ರವವಾಗುವುದರಿಂದ ಅಂಥವರು ವೈದ್ಯರನ್ನು ಕೇಳಿ ಪ್ರಮಾಣವನ್ನು ನಿರ್ಧರಿಸಬೇಕು.