ಬರದ ಸೀಮ್ಯಾಗ ಹೊಳಿ ಬಂದಾಗ

ನಮ್ ಕಲಬುರಗಿ ಕಡಿ ಹಿರ್ಯಾರಿಗಿ ಯಾರದರೆ ವಯಸ್ಸು ಕೇಳ್ರಿ, "ಎಪ್ಪತ್ತೆರಡರ ಬರದಾಗ ಇವ ಇನ್ನಾ ತೊಟ್ಟಲ್ದಾಗಿದ್ದ" ಅಂತಾರ. 1972ರ ಬರ ಅದು. ಹಿಂದಕ್ಕ ಹೋದ್ರ 1396ರಿಂದ ಹನ್ನೆರಡು ವರ್ಷ ನಡೀತು ಅಂತ ಹೇಳೋ ದುರ್ಗಾದೇವಿ ಬರ ಅದ, ಅವಾಗ ಕಲಬುರಗಿನೇ ಬಹಮನಿ ರಾಜಧಾನಿ, ಆ ಸುಮಾರಿಗಿ ಸುಲ್ತಾನ ಮಾಳ್ವಾ, ಗುಜರಾತಿನಿಂದ ಎತ್ತಿನ ಮ್ಯಾಲ ಕಾಳು ತರಿಸ್ಯಾನ. ಆಮ್ಯಾಲ 1876-78ರ ಡೌಲು ಬ್ಯಾರೇನೇ. ಪೆಸಿಫಿಕ್ ಸಮುದ್ರ ಕಾದು ಎಲ್ ನಿನೊ ಆಗಿ ಎರಡು ಮುಂಗಾರು ಕೈಕೊಟ್ಟು, ದೇಶದ ತುಂಬ 50 ಲಕ್ಷಕ್ಕಿಂತ ಹೆಚ್ಚು ಜನ ಸತ್ರು. ಅಷ್ಟೊತ್ತಿಗಿ ವಾಡಿ ಮ್ಯಾಲಿಂದ ರೈಲ್ ಓಡ್ತಿತ್ತು ಖರೆ, ರೈಲಿನ್ಯಾಗ ಬಂದ ಜ್ವಾಳ ಕೊಳ್ಳಲಿಕ್ಕಿ ರೊಕ್ಕ ಬೇಕಲ್ರಿ.

ಹಂಗಾರ ಇಂಥ ಸೀಮಿಗಿ ಹೊಳಿ ಬರೋದು ಹ್ಯಾಂಗ?

ಒಂದು, ಭೀಮಾ ನಮ್ಮದಲ್ಲ. ಹುಟ್ಟೋದು ಪುಣೆ ಕಡಿ ಭೀಮಾಶಂಕರದಾಗ. ಇಲ್ಲಿ ಒಂದು ಹನಿ ಬೀಳದಿದ್ರೂ ಅಲ್ಲಿ ಮಳಿ ಜೋರಾಗಿ ಉಜನಿ ಡ್ಯಾಮ್ ಗೇಟ್ ತೆಗೆದ್ರ ಅಫಜಲಪುರದಾಗ ಊರು ಖಾಲಿ ಮಾಡ್ಬೇಕಾಗ್ತದ. ಎರಡನೇದು ಬಂಗಾಳ ಕೊಲ್ಲಿ. ಸಹ್ಯಾದ್ರಿ ಅಡ್ಡ ಇರೋದಕ್ಕ ಜೂನ್-ಜುಲೈ ಮಳಿ ನಮಗ ಅಷ್ಟಕ್ಕಷ್ಟೇ, ಜೋರು ಮಳಿ ಸೆಪ್ಟೆಂಬರ್‌ದಾಗ, ಅವಾಗ ಆ ಕಡಲಿನಿಂದ ವಾಯುಭಾರ ಕುಸಿತ ಒಳಗ ಬಂತಂದ್ರ ತಿಂಗಳ ಮಳಿ ಎರಡು ದಿನದಾಗ. 2009ರ ಸೆಪ್ಟೆಂಬರ್ ಕೊನೀಗಿ ಉತ್ತರ ಕರ್ನಾಟಕದಾಗ 200ಕ್ಕಿಂತ ಹೆಚ್ಚು ಜನ ಸತ್ತಿದ್ದು ಹಿಂಗೇ. 2016 ಅಂತೂ ನಂಬಲಿಕ್ಕಾಗಂಗಿಲ್ಲ, ಬೀದರ್ ಬಾಜೂಕಿನ ಲಾತೂರಿಗಿ ಬ್ಯಾಸಿಗ್ಯಾಗ ಮಿರಜ್‌ನಿಂದ ಟ್ರೇನಿನ್ಯಾಗ ಕುಡಿಯೋ ನೀರು ಬಂತು, ಅದೇ ಸೆಪ್ಟೆಂಬರ್‌ದಾಗ ಅದೇ ಸೀಮ್ಯಾಗ ಮಾಂಜ್ರಾ ಹೊಳಿ ತುಂಬಿ ಹರೀತು.

2020ರಾಗ ಎರಡೂ ಕೂಡೇ ಬಂದ್ವು. ಅಕ್ಟೋಬರ್ 13ಕ್ಕ ಕಾಕಿನಾಡ ಹತ್ರ ದಡ ಹತ್ತಿದ ವಾಯುಭಾರ ಕುಸಿತ ಹೈದರಾಬಾದ್ ಮುಳುಗಿಸಿ ನಮ್ ಮ್ಯಾಲ ಹಾದು ಮಹಾರಾಷ್ಟ್ರಕ್ಕ ಹೋಯ್ತು, ಇಲ್ಲಿ ಸುರೀತು, ಅಲ್ಲೂ ಸುರೀತು, ಅಲ್ಲಿ ಬಿದ್ದಿದ್ದು ತಿರುಗಿ ಭೀಮಾದಾಗ ನಮ್ ಕಡೀಗೇ ಬಂತು. ಭೀಮಾ ಮ್ಯಾಲಿನ ಸೊನ್ನ ಬ್ಯಾರೇಜಿನಿಂದ ಸುಮಾರು 8 ಲಕ್ಷ ಕ್ಯೂಸೆಕ್ಸ್. ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗಿ 28 ಲೀಟರ್, ಅಂದ್ರ ಎರಡು ದೊಡ್ಡ ಕೊಡ, ಲೆಕ್ಕ ನೀವೇ ಹಾಕ್ರಿ. ಘತ್ತರಗಿ ಬ್ರಿಜ್ ಮ್ಯಾಲ ನೀರು.

2025ರ ಸೆಪ್ಟೆಂಬರ್‌ದಾಗ ಮತ್ತ ಅದೇ ಕಥಿ.

ಟಿವ್ಯಾಗ ಬೋಟ್ ತೋರಸ್ತಾರ, ಹೊಳಿ ಇಳಿದ ಮ್ಯಾಲಿಂದು ಯಾರೂ ತೋರಸಂಗಿಲ್ಲ. ನಮ್ದು ಎರಿ ಭೂಮಿ, ನೀರು ಹಿಡಿದ್ರ ಬಿಡಂಗಿಲ್ಲ, ಬರದಾಗ ತೊಗರಿ ಉಳಿಸೋದೂ ಇದೇ ಗುಣ. 2020ರ ದೀಪಾವಳಿ ಮುಂದ ನಮ್ ಕಾಕಾನ ಹೊಲಕ್ಕ ಹೋಗಿದ್ದೆ, ಮ್ಯಾಲ ನೋಡಿದ್ರ ಹಳದಿ ಹೂವು, ಮಸ್ತ್ ಕಾಣ್ತಿತ್ತು. ಕಾಕಾ ಏನೂ ಮಾತಾಡ್ದೆ ಒಂದು ಗಿಡ ಹಿಡಿದು ಎಳದ, ಕೈ ಹಚ್ಚಿದ ಕೂಡ್ಲೇ ಬಂತು, ಬೇರು ಪೂರಾ ಕಪ್ಪಾಗಿ ಕೊಳತು ನಾರತಿತ್ತು.